ಅಲನ್ ಪೇಜ್: ನ್ಯಾಯಮೂರ್ತಿ ಆಗೋಕೆ ಮುಂಚಿನ 15 ವರ್ಷದ ಆಟದ ಬಗ್ಗೆಯೂ ಮಾತಾಡೋಣ

ನೇರಳೆ_88:
ಅಲನ್ ಪೇಜ್ ಹೆಸರು ಬಂದಾಗಲೆಲ್ಲ ಒಂದೇ ಥರದ ಮಾತು ಕೇಳಿಸುತ್ತೆ: ಅಮೆರಿಕನ್ ಫುಟ್‌ಬಾಲ್ ಆಡ್ತಿದ್ದವರು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆದರಂತೆ, ಎಂಥ ದೊಡ್ಡ ವಿಷಯ! ದೊಡ್ಡ ವಿಷಯವೇ, ಅದರಲ್ಲಿ ಎರಡು ಮಾತಿಲ್ಲ. ಮಿನ್ನೆಸೋಟ ರಾಜ್ಯದ ಸುಪ್ರೀಂ ಕೋರ್ಟಿಗೆ ಬಂದ ಮೊದಲ ಆಫ್ರಿಕನ್-ಅಮೆರಿಕನ್ ನ್ಯಾಯಮೂರ್ತಿ ಅವರು, 1993ರಿಂದ 2015ರವರೆಗೆ ಆ ಪೀಠದಲ್ಲಿದ್ದರು. ಆದರೆ ಆ ಕಥೆ ಹೇಳುವ ಭರದಲ್ಲಿ ಮೈದಾನದ 15 ವರ್ಷವನ್ನು ಎರಡು ಸಾಲಿನಲ್ಲಿ ಮುಗಿಸಿಬಿಡ್ತಾರೆ. ಆಟ ಅನ್ನೋದು ಏನೋ ಹುಡುಗಾಟ, ನಿಜವಾದ ಬದುಕು ಆಮೇಲೆ ಶುರುವಾಯ್ತು ಅನ್ನೋ ಹಾಗೆ. ನನಗಂತೂ ಇದು ಅನ್ಯಾಯ ಅನ್ನಿಸುತ್ತೆ.

ಹುಟ್ಟಿದ್ದು 1945ರ ಆಗಸ್ಟ್‌ನಲ್ಲಿ, ಒಹಾಯೋ ರಾಜ್ಯದ ಕ್ಯಾಂಟನ್‌ನಲ್ಲಿ. ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್, ಅಂದರೆ ದೊಡ್ಡ ಆಟಗಾರರನ್ನು ಗೌರವಿಸುವ ಭವನ, ಇರುವುದು ಅದೇ ಊರಲ್ಲಿ. ಆ ಕಟ್ಟಡ ಏಳುತ್ತಿದ್ದಾಗ ಹೈಸ್ಕೂಲ್ ಹುಡುಗನಾಗಿದ್ದ ಪೇಜ್ ಅಲ್ಲೇ ಕೂಲಿ ಕೆಲಸ ಮಾಡಿದ್ದರು. 1988ರಲ್ಲಿ ಅದೇ ಕಟ್ಟಡದೊಳಗೆ ಅವರ ಪ್ರತಿಮೆ ಬಂತು. ನಡುವೆ ನೋಟ್ರ ಡೇಮ್ ವಿಶ್ವವಿದ್ಯಾಲಯ, ಅಲ್ಲಿ 1966ರ ರಾಷ್ಟ್ರೀಯ ಚಾಂಪಿಯನ್ ಪಟ್ಟ. 1967ರ ಡ್ರಾಫ್ಟ್‌ನಲ್ಲಿ (ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ಪದ್ಧತಿ) 15ನೆಯವರಾಗಿ ಮಿನ್ನೆಸೋಟ ವೈಕಿಂಗ್ಸ್ ತಂಡ ಸೇರಿದರು. ಕಾಲೇಜಿನಲ್ಲಿ ಅವರು ಆಡ್ತಿದ್ದದ್ದು ಡಿಫೆನ್ಸಿವ್ ಎಂಡ್, ಅಂದರೆ ಎದುರಾಳಿಯನ್ನು ತಡೆಯುವ ಸಾಲಿನ ತುದಿಯಲ್ಲಿ. ವೈಕಿಂಗ್ಸ್ ಅವರನ್ನು ಒಳಗೆ, ಟ್ಯಾಕಲ್ ಜಾಗಕ್ಕೆ ತಂದಿತು.

ಅಲ್ಲಿಂದ 1981ರವರೆಗೆ 218 ಪಂದ್ಯ. ಒಂದನ್ನೂ ತಪ್ಪಿಸಲಿಲ್ಲ. ಪ್ರತಿ ಸಲ ಚೆಂಡು ಕದಲಿದಾಗಲೂ ಇಬ್ಬರು ದೈತ್ಯರು ಮೈಮೇಲೆ ಬೀಳುವ ಜಾಗ ಅದು. ಅಲ್ಲಿ ನಿಂತು 15 ವರ್ಷ ಒಂದು ಪಂದ್ಯಕ್ಕೂ ಗೈರಾಗದೆ ಆಡೋದು ಅಂದರೇನು ಅಂತ ಸ್ವಲ್ಪ ಯೋಚಿಸಿ. 1971ರಲ್ಲಿ ಎನ್‌ಎಫ್‌ಎಲ್ ಲೀಗಿನ ಅತ್ಯಮೂಲ್ಯ ಆಟಗಾರ ಅಂತ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಅವರನ್ನು ಆರಿಸಿತು. ಡಿಫೆನ್ಸ್ ಆಡುವವರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆಮೇಲೆ ಇನ್ನೊಬ್ಬರಿಗೆ ಮಾತ್ರ ಬಂದಿದೆ, 1986ರಲ್ಲಿ ಲಾರೆನ್ಸ್ ಟೇಲರ್‌ಗೆ.

ಹಾಗಾಗಿ ಈ ಚರ್ಚೆಯಲ್ಲಿ ಆಟಕ್ಕೆ ಮೊದಲ ಮರ್ಯಾದೆ ಕೊಡೋಣ. ಕೋರ್ಟಿನ ವಿಷಯ ಬಂದರೆ ಬರಲಿ, ಬೇಡ ಅನ್ನಲ್ಲ.

ಮಂಡ್ಯ_ಕಬಡ್ಡಿ:
ಅಣ್ಣ, ನಾನು ಈ ಆಟ ನೋಡಕ್ಕೆ ಶುರು ಮಾಡಿ ಎರಡು ಸೀಸನ್ ಆಯ್ತು ಅಷ್ಟೆ. ಕ್ವಾರ್ಟರ್‌ಬ್ಯಾಕ್ ಅಂದ್ರೆ ಚೆಂಡು ಎಸೆದು ಆಟ ನಡೆಸೋನು ಅಂತ ಗೊತ್ತು, ಓಡೋರು ಹಿಡಿಯೋರು ಗೊತ್ತು. ಈ ಡಿಫೆನ್ಸಿವ್ ಟ್ಯಾಕಲ್ ಅನ್ನೋರು ಗುಂಪಲ್ಲಿ ಹೋಗಿ ಬೀಳ್ತಾರೆ, ಎದ್ದೇಳ್ತಾರೆ, ಅಷ್ಟೇ ಕಾಣೋದು. ಇದ್ರಲ್ಲಿ ಒಬ್ಬ ದೊಡ್ಡ ಆಟಗಾರ, ಇನ್ನೊಬ್ಬ ಸಾಧಾರಣ ಅಂತ ಎಂಗ್ ಹೇಳ್ತೀರ?

ನೇರಳೆ_88:
ಒಳ್ಳೆ ಪ್ರಶ್ನೆ ತಮ್ಮ. ಇದು ಗೊತ್ತಾದರೆ ಪೇಜ್ ಏನು ಅಂತ ತಾನಾಗೇ ಗೊತ್ತಾಗುತ್ತೆ.

ಎರಡು ತಂಡದ ಸಾಲುಗಳು ಎದುರುಬದುರು ಬಾಗಿ ಕೂತಿರ್ತವೆ. ನಡುವೆ ಇರೋ ಸೆಂಟರ್ ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಡ್ತಾನೆ. ಅದೇ ಸ್ನ್ಯಾಪ್. ಯಾವ ಎಣಿಕೆಗೆ ಸ್ನ್ಯಾಪ್ ಅಂತ ಚೆಂಡು ಇರೋ ಆಫೆನ್ಸ್‌ನವರಿಗೆ ಮೊದಲೇ ಗೊತ್ತಿರುತ್ತೆ, ಡಿಫೆನ್ಸ್‌ನವರಿಗೆ ಗೊತ್ತಿರಲ್ಲ. ಅಂದರೆ ಪ್ರತಿ ಸಲವೂ ಎದುರಿನವನು ಅರೆಗಳಿಗೆ ಮುಂದೆ. ಸಾಧಾರಣ ಟ್ಯಾಕಲ್ ಈ ನಷ್ಟವನ್ನು ಒಪ್ಪಿಕೊಂಡು, ಬಂದವನನ್ನು ಎದೆಕೊಟ್ಟು ತಡೆದು, ಆಮೇಲೆ ಚೆಂಡು ಯಾರ ಹತ್ತಿರ ಇದೆ ಅಂತ ಹುಡುಕ್ತಾನೆ.

ಪೇಜ್ ಹಾಗೆ ಕಾಯುತ್ತಲೇ ಇರಲಿಲ್ಲ. ಹಳೇ ವಿಡಿಯೋ ನಿಧಾನಗತಿಯಲ್ಲಿ ಹಾಕಿ ನೋಡಿ. ಒಂದು ಕೈ ನೆಲಕ್ಕೆ ಊರಿ, ಸೊಂಟ ಎತ್ತಿ ಕೂತಿರ್ತಾರೆ. ಚೆಂಡು ನೆಲಬಿಟ್ಟ ಹೊತ್ತಿಗೆ ಅವರ ಮೊದಲ ಹೆಜ್ಜೆ ಬಿದ್ದಾಗಿರುತ್ತೆ. ಎದುರಿನ ಗಾರ್ಡ್, ಅಂದರೆ ಸೆಂಟರ್ ಪಕ್ಕದ ಆಫೆನ್ಸ್ ಆಟಗಾರ, ಇನ್ನೂ ತಲೆ ಎತ್ತುತ್ತಿರುವಾಗ ಪೇಜ್ ಅವನ ಭುಜದ ಪಕ್ಕ ಇರ್ತಾರೆ. ಗಾರ್ಡ್ ಕೈ ಚಾಚಿದ ಜಾಗದಲ್ಲಿ ಯಾರೂ ಇರಲ್ಲ. ತಳ್ಳಾಟವೇ ನಡೆಯದೆ ಗೆದ್ದುಬಿಡ್ತಾರೆ. ಆರಡಿ ನಾಲ್ಕಂಗುಲ ಎತ್ತರ, 111 ಕೆಜಿ ಆಸುಪಾಸು. ಟ್ಯಾಕಲ್ ಜಾಗಕ್ಕೆ ಅದು ಆಗಲೂ ಕಡಿಮೆ ತೂಕವೇ. ಆ ಕೊರತೆಯನ್ನೇ ಅವರು ವೇಗ ಮಾಡಿಕೊಂಡರು.

ಮಂಡ್ಯ_ಕಬಡ್ಡಿ:
ಈಗ ಅರ್ಥ ಆಯ್ತು. ನಮ್ಮಲ್ಲೂ ರೇಡರ್ ಕಾಲು ಎತ್ತೋಕೆ ಮುಂಚೆನೇ ಅವನ ಭಾರ ಯಾವ ಕಾಲ ಮೇಲೈತೆ ಅಂತ ನೋಡಿ ನುಗ್ಗೋ ಕಾರ್ನರ್ ಆಟಗಾರ ಇರ್ತಾನೆ. ಅವನಿಗೆ ಮೈಕಟ್ಟು ಬೇಕಿಲ್ಲ, ಕಣ್ಣು ಬೇಕು.

ನೇರಳೆ_88:
ಸರಿಯಾಗಿ ಹಿಡಿದ್ರಿ.

ಜೈಂಟ್ಸ್_56:
ಪೇಜ್ ದೊಡ್ಡ ಆಟಗಾರರು, ಒಪ್ತೀನಿ. ಆದರೆ ಡಿಫೆನ್ಸ್ ಅಂದರೆ ನನಗೆ ಟೇಲರ್ ಒಬ್ಬರೇ. 1986ರಲ್ಲಿ 20.5 ಸ್ಯಾಕ್ (ಚೆಂಡು ಎಸೆಯೋ ಮುಂಚೆ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವೋದು), ಜೊತೆಗೆ ಲೀಗಿನ ಅಂತಿಮ ಪಂದ್ಯ ಸೂಪರ್ ಬೌಲ್ ಗೆಲುವು. ಅವರಿಗೆ ಹೆದರಿ ತಂಡಗಳು ಲೆಫ್ಟ್ ಟ್ಯಾಕಲ್‌ಗೆ (ಆಫೆನ್ಸ್ ಸಾಲಿನ ಎಡಬದಿ ಕಾಯುವವನಿಗೆ) ಕೊಡುವ ಸಂಬಳವನ್ನೇ ಬದಲಾಯಿಸಿದವು. ಆಟದ ರೂಪವನ್ನೇ ಬದಲಿಸಿದ ಮನುಷ್ಯ.

ಪೇಜ್ ವಿಷಯದಲ್ಲಿ ಯಾರೂ ಎತ್ತದ ಒಂದು ಮಾತಿದೆ, ನಾನೇ ಎತ್ತುತ್ತೀನಿ. ವೈಕಿಂಗ್ಸ್ ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕನ್ನೂ ಸೋತಿತು. ಕಾನ್ಸಸ್ ಸಿಟಿ ಎದುರು 23-7, ಮಯಾಮಿ ಎದುರು 24-7, ಪಿಟ್ಸ್‌ಬರ್ಗ್ ಎದುರು 16-6, ಓಕ್‌ಲ್ಯಾಂಡ್ ಎದುರು 32-14. ಹೇಗೆ ಸೋತರು ನೋಡಿ. ಮಯಾಮಿಯ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿ ಇಡೀ ಪಂದ್ಯದಲ್ಲಿ ಎಸೆದದ್ದು ಬರೀ 7 ಪಾಸ್! ಲ್ಯಾರಿ ಜೋಂಕಾ ನಡುವಿನಿಂದಲೇ ನುಗ್ಗಿ 145 ಗಜ ಓಡಿದರು. ಮರುವರ್ಷ ಫ್ರಾಂಕೋ ಹ್ಯಾರಿಸ್ 158 ಗಜ. ಓಕ್‌ಲ್ಯಾಂಡ್ ತಂಡ ಒಟ್ಟು 266 ಗಜ ಓಡಿತು. ಟ್ಯಾಕಲ್ ಇರೋದೇ ಆ ನಡುವಿನ ದಾರಿ ಮುಚ್ಚೋಕೆ ಅಲ್ವಾ? ತೂಕ ಕಡಿಮೆ ಇದ್ದದ್ದು ಅಲ್ಲಿ ಕಾಣಲಿಲ್ವಾ?

ಅಂಕಿಅಂಶ_ಸುಮ:
ಜೈಂಟ್ಸ್ ಅವರೇ, ಪ್ರಶ್ನೆ ನ್ಯಾಯವಾಗಿದೆ. ಆ ಮೂರು ಪಂದ್ಯಗಳಲ್ಲಿ ವೈಕಿಂಗ್ಸ್ ಮುಂದಿನ ಸಾಲನ್ನು ಎದುರಾಳಿಗಳು ತುಳಿದುಕೊಂಡೇ ಹೋದರು. ಪೇಜ್ ಅಷ್ಟು ವೇಗವಾಗಿ ಒಳಗೆ ನುಗ್ಗುತ್ತಾರೆ ಅಂತ ಗೊತ್ತಿದ್ದ ತಂಡಗಳು ಅವರು ಬಿಟ್ಟುಬಂದ ಜಾಗದಿಂದಲೇ ಚೆಂಡು ಕಳಿಸುತ್ತಿದ್ದವು. ಆ ಶೈಲಿಯ ಬೆಲೆ ಅದು.

ಆದರೆ ಇನ್ನೊಂದು ಮಗ್ಗುಲನ್ನೂ ನೋಡಿ. ಆ ಸಾಲಿಗೆ ಪರ್ಪಲ್ ಪೀಪಲ್ ಈಟರ್ಸ್ ಅಂತ ಹೆಸರು ಬಂದದ್ದು ಸುಮ್ಮನೆ ಅಲ್ಲ. ಪೇಜ್, ಕಾರ್ಲ್ ಎಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸನ್. ಮೂವರು ಕ್ವಾರ್ಟರ್‌ಬ್ಯಾಕ್ ಮೇಲೆ ಎರಗುವಾಗ ಲಾರ್ಸನ್ ಹಿಂದೆ ನಿಂತು ಓಟದ ದಾರಿ ಕಾಯೋರು. ‘ಕ್ವಾರ್ಟರ್‌ಬ್ಯಾಕ್ ಹತ್ತಿರ ಸಿಗೋಣ’ ಅನ್ನೋದೇ ಅವರ ಘೋಷಣೆ. 1969ರಲ್ಲಿ 14 ಪಂದ್ಯಗಳಲ್ಲಿ ಈ ತಂಡ ಬಿಟ್ಟುಕೊಟ್ಟದ್ದು ಒಟ್ಟು 133 ಅಂಕ, ಪಂದ್ಯಕ್ಕೆ ಹತ್ತೂ ಇಲ್ಲ. 1971ರಲ್ಲಿ 139. ಆ ವರ್ಷ ವೈಕಿಂಗ್ಸ್‌ಗೆ ನಂಬಿಕೆಯ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬರೂ ಇರಲಿಲ್ಲ. ಗ್ಯಾರಿ ಕ್ವೊಝೊ, ಬಾಬ್ ಲೀ, ನಾರ್ಮ್ ಸ್ನೀಡ್ ಮೂವರನ್ನೂ ಬದಲಾಯಿಸಿ ಬದಲಾಯಿಸಿ ಆಡಿಸಿದರು. ಆದರೂ 11 ಗೆಲುವು, 3 ಸೋಲು. ಆ ಗೆಲುವುಗಳನ್ನು ಡಿಫೆನ್ಸ್ ತಂದುಕೊಟ್ಟಿತು, ಡಿಫೆನ್ಸ್‌ನ ಮುಂದಾಳು ಪೇಜ್. ಅದಕ್ಕೇ ಮತ ಹಾಕಿದವರು ಅವರನ್ನು ಆರಿಸಿದ್ದು.

ಸ್ಯಾಕ್ ಲೆಕ್ಕದ ಬಗ್ಗೆಯೂ ಒಂದು ಮಾತು. ಲೀಗ್ ಅಧಿಕೃತವಾಗಿ ಸ್ಯಾಕ್ ಎಣಿಸೋಕೆ ಶುರು ಮಾಡಿದ್ದು 1982ರಲ್ಲಿ, ಪೇಜ್ ನಿವೃತ್ತಿಯಾದ ಮರುವರ್ಷ. ಹಾಗಾಗಿ ಅಧಿಕೃತ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಏನೂ ಇಲ್ಲ. ಸಂಶೋಧಕರು ಹಳೇ ಪಂದ್ಯದ ದಾಖಲೆಗಳನ್ನು ಕೂತು ತಿರುವಿ ಹಾಕಿ ತೆಗೆದ ಲೆಕ್ಕ 148.5. ಟ್ಯಾಕಲ್ ಜಾಗದಿಂದ! ತುದಿಯಲ್ಲಿ ಆಡೋರಿಗೆ ಓಡಿ ಸುತ್ತುವರಿಯೋಕೆ ಜಾಗ ಇರುತ್ತೆ, ನಡುವೆ ಇರೋರಿಗೆ ಆ ಅನುಕೂಲ ಇಲ್ಲ. ಇದರ ಮೇಲೆ 28 ಸಲ ಎದುರಾಳಿಯ ಕಿಕ್ ತಡೆದಿದ್ದಾರೆ. 1971 ಒಂದೇ ಸೀಸನ್‌ನಲ್ಲಿ 2 ಸೇಫ್ಟಿ, ಅಂದರೆ ಚೆಂಡು ಹಿಡಿದವನನ್ನು ಅವನದೇ ಗೋಲ್ ಜಾಗದಲ್ಲಿ ತಡೆದು ಅಂಕ ಗಳಿಸೋದು.

ಜೈಂಟ್ಸ್_56:
ಕಿಕ್ ತಡೆದ ಸಂಖ್ಯೆ ನನಗೆ ಗೊತ್ತಿರಲಿಲ್ಲ. 28 ತುಂಬಾ ದೊಡ್ಡದು. ಟೇಲರ್ ಕಾಲಿಟ್ಟ 1981ರ ಸೀಸನ್ನೇ ಪೇಜ್ ಅವರ ಕೊನೇ ಸೀಸನ್ ಅನ್ನೋದೂ ನೋಡಿ, ಇಬ್ಬರೂ ಒಂದು ವರ್ಷ ಒಂದೇ ಲೀಗಿನಲ್ಲಿದ್ದರು.

ಧಾರವಾಡ_ವಕೀಲ:
ನೇರಳೆಯವರ, ಆಟ ಬ್ಯಾರೆ ಕೋರ್ಟ್ ಬ್ಯಾರೆ ಅಂತ ಹಿಂಗ ಗೆರಿ ಹೊಡಿಬ್ಯಾಡ್ರಿ. ನನಗ ಎರಡೂ ಒಂದ ಕಾಣಸ್ತಾವು.

ಆಟ ಆಡೋ ಕಾಲದಾಗನ ಅವರು ಆಟಗಾರರ ಸಂಘದ ಪ್ರತಿನಿಧಿ ಆಗಿದ್ರು, ಕಾರ್ಯಕಾರಿ ಸಮಿತಿಯೊಳಗೂ ಇದ್ರು. ಆವಾಗ ರೊಝೆಲ್ ರೂಲ್ ಅಂತ ಒಂದಿತ್ತು. ಕರಾರು ಮುಗದ ಆಟಗಾರ ಬ್ಯಾರೆ ತಂಡಕ್ಕ ಹೋದ್ರ, ಕರಕೊಂಡ ತಂಡ ಹಳೇ ತಂಡಕ್ಕ ಪರಿಹಾರ ಕೊಡಬೇಕು, ಎಷ್ಟು ಏನು ಅಂತ ಲೀಗಿನ ಮುಖ್ಯಸ್ಥ ಕಮಿಷನರ್ ಹೇಳಾಂವ. ಏನು ಕೊಡಬೇಕಾಗತದೋ ಗೊತ್ತಿಲ್ಲಂದ ಮ್ಯಾಲೆ ಯಾವ ತಂಡ ಧೈರ್ಯ ಮಾಡತದ? ಕರಾರು ಮುಗದ್ರೂ ಆಟಗಾರ ಕಟ್ಟಿಹಾಕಿದಂಗನ. 1974ರಾಗ ಇದರ ವಿರುದ್ಧ ಮುಷ್ಕರ ಆತು. ‘ಸ್ವಾತಂತ್ರ್ಯ ಇಲ್ಲಂದ್ರ ಫುಟ್‌ಬಾಲೂ ಇಲ್ಲ’ ಅನ್ನೋದು ಘೋಷಣಾ. ಮುಷ್ಕರ ಸೋತಿತು, ಖರೇ. ಆದ್ರ ಆಟಗಾರ ಜಾನ್ ಮ್ಯಾಕಿ ಮತ್ತು ಇತರರು ಹೂಡಿದ ದಾವೆ ಮಿನಿಯಾಪೊಲಿಸ್‌ನ ಫೆಡರಲ್ ಕೋರ್ಟಿನೊಳಗ ನಡೀತು, 1976ರಾಗ ಮೇಲ್ಮನವಿ ಕೋರ್ಟೂ ಆಟಗಾರರ ಪರನ ನಿಂತಿತು. ಪೇಜ್ ಕಾನೂನು ಓದಿದ್ದು ಇದ ಗದ್ದಲದ ಕಾಲಕ್ಕ. ಮೊದಲ ಒಮ್ಮೆ ಕಾನೂನು ಕಾಲೇಜು ಸೇರಿ ಕೆಲವೇ ವಾರದಾಗ ಬಿಟ್ಟಿದ್ರು. ಎರಡನೇ ಸಲ ಮಿನ್ನೆಸೋಟ ವಿಶ್ವವಿದ್ಯಾಲಯ ಸೇರಿ, ಆಡಕೋತನ ಓದಿ 1978ಕ್ಕ ಪದವಿ ತಗೊಂಡ್ರು.

ಇನ್ನ 1992ರ ಕೇಸು ಕೇಳ್ರಿ, ಇದು ನನಗ ಭಾಳ ಸೇರಿದ್ದು. ಮಿನ್ನೆಸೋಟದಾಗ ನ್ಯಾಯಮೂರ್ತಿಗಳನ್ನ ಜನ ಮತ ಹಾಕಿ ಆರಸ್ತಾರ. ಪೇಜ್ ಒಂದು ಸ್ಥಾನಕ್ಕ ನಿಲ್ಲಬೇಕಂತ ಹೊಂಟಾಗ, ಆ ಸ್ಥಾನದಾಗ ಇದ್ದ ನ್ಯಾಯಮೂರ್ತಿಯ ಅವಧಿಯನ್ನ ಗವರ್ನರ್ ಆರ್ನಿ ಕಾರ್ಲ್ಸನ್ ಮುಂದ ಹಾಕಿದ್ರು, ಪಿಂಚಣಿ ಸಿಗೋತನಕ ಇರ್ಲಿ ಅಂತ. ಅಂದ್ರ ಚುನಾವಣೆನ ಇಲ್ಲ! ಪೇಜ್ ಸುಮ್ಮನ ಕೂಡಲಿಲ್ಲ, ದಾವೆ ಹೂಡಿದ್ರು. ಅದನ್ನ ಕೇಳಬೇಕಾದ್ದು ಅದ ಸುಪ್ರೀಂ ಕೋರ್ಟ್, ಹಾಲಿ ನ್ಯಾಯಮೂರ್ತಿಗಳು ಹೆಂಗ ಕೇಳತಾರ? ಅವರು ಹಿಂದ ಸರದ್ರು, ನಿವೃತ್ತ ನ್ಯಾಯಾಧೀಶರ ಪೀಠ ಕೂತಿತು. ಪೇಜ್ ಗೆದ್ರು. ಚುನಾವಣೆ ಆತು. ಅದರಾಗೂ ಗೆದ್ರು. ತಾನು ಕೂಡಬೇಕಾದ ಕುರ್ಚಿಗೆ ಮೊದಲ ದಾವೆ ಹೂಡಿ ದಾರಿ ಬಿಡಿಸಿಕೊಂಡಾಂವ. ಎಣಿಕೆ ಗೊತ್ತಿಲ್ಲದ ಮೊದಲ ಹೆಜ್ಜಿ ಇಡೋದು ಅಂತ ನೀವು ಬರದ್ರಲ್ಲ, ಇದೂ ಅದ ಅಲ್ಲೇನ್ರಿ?

ನೇರಳೆ_88:
ವಕೀಲ ಸಾಹೇಬ್ರೇ, ಗೆರೆ ಎಳೆಯೋದು ನನ್ನ ಉದ್ದೇಶ ಅಲ್ಲ. ನೀವು ಆಟದಿಂದ ಶುರು ಮಾಡಿ ಕೋರ್ಟಿಗೆ ಬಂದ್ರಿ. ಬಹಳ ಜನ ಆಟವನ್ನು ಹಾರಿಸಿ ನೇರ ಕೋರ್ಟಿಗೇ ಬರ್ತಾರೆ. ನನ್ನ ತಕರಾರು ಅವರ ಜೊತೆ.

ಮಿನಿಯಾಪೊಲಿಸ್_ಚಳಿ:
ನಾನು ಇಲ್ಲೇ ಇರೋದರಿಂದ ಎರಡು ಮಾತು. ಈ ಊರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ನಮ್ಮಂಥವರಿಗೆ ಪೇಜ್ ಅವರು ಮೊದಲು ಗೊತ್ತಾಗೋದು ಶಾಲೆಯ ಹೆಸರಿನಿಂದ. ದಕ್ಷಿಣ ಮಿನಿಯಾಪೊಲಿಸ್‌ನಲ್ಲಿ ಅಲೆಕ್ಸಾಂಡರ್ ರಾಮ್ಸೆ ಹೆಸರಿನ ಶಾಲೆ ಇತ್ತು. ರಾಮ್ಸೆ ಅಂದರೆ ಇಲ್ಲಿನ ಮೂಲನಿವಾಸಿ ಡಕೋಟ ಜನರನ್ನು ರಾಜ್ಯದಿಂದಲೇ ಓಡಿಸಬೇಕು ಅಂದ ಗವರ್ನರ್. ಆ ಹೆಸರು ಬೇಡ ಅಂತ ಮಕ್ಕಳೇ ಎದ್ದು ನಿಂತರು. 2017ರಲ್ಲಿ ಅದು ಜಸ್ಟಿಸ್ ಪೇಜ್ ಮಿಡ್ಲ್ ಸ್ಕೂಲ್ ಆಯ್ತು.

ಇನ್ನು ಓಟ. ಅವರ ಹೆಂಡತಿ ಡಯೇನ್ ಸಿಗರೇಟು ಬಿಡೋಕೆ ಅಂತ ಓಡೋಕೆ ಶುರು ಮಾಡಿದರು, ಜೊತೆಗೆ ಇವರೂ ಹೊರಟರು. ಹಾಗೆ ಶುರುವಾದದ್ದು ಅವರನ್ನು ಎಲ್ಲಿಗೆ ಮುಟ್ಟಿಸಿತು ನೋಡಿ: 1979ರಲ್ಲಿ ಇನ್ನೂ ಲೀಗಿನಲ್ಲಿ ಆಡುತ್ತಿರುವಾಗಲೇ ಪೂರ್ತಿ ಮ್ಯಾರಥಾನ್ ಓಡಿದರು. ಹಾಲಿ ಎನ್‌ಎಫ್‌ಎಲ್ ಆಟಗಾರರಲ್ಲಿ ಅವರೇ ಮೊದಲಿಗರು. ಮುಂದೆ 100 ಕಿಲೋಮೀಟರ್ ಓಟವನ್ನೂ ಓಡಿದರು.

ಇಲ್ಲಿನ ಟ್ವಿನ್ ಸಿಟೀಸ್ ಮ್ಯಾರಥಾನ್ ದಿನ ಅವರು ರಸ್ತೆ ಬದಿಯಲ್ಲಿ ನಿಂತು ಸೂಸಫೋನ್ ಊದುತ್ತಾರೆ. ಮೈಸುತ್ತಿ ಭುಜದ ಮೇಲೆ ಕೂರುವ ಆ ದೊಡ್ಡ ಹಿತ್ತಾಳೆ ವಾದ್ಯ. ಅಕ್ಟೋಬರಿನ ಕೊರೆಯೋ ಬೆಳಗಲ್ಲಿ ನಾನು ಆ ದಾರಿಯಲ್ಲಿ ಓಡ್ತಿದ್ದಾಗ ದೂರದಿಂದಲೇ ಆ ಗುಡುಗುಡು ಸದ್ದು ಕೇಳಿಸಿತು. ಹತ್ತಿರ ಬಂದರೆ ಅವರು, ಕೆನ್ನೆ ಉಬ್ಬಿಸಿ ಊದುತ್ತಿದ್ದರು. ಮುಂದಿದ್ದ ಹುಡುಗಿಯೊಬ್ಬಳು ಯಾರು ಏನು ಅಂತ ಗೊತ್ತಿಲ್ಲದೆ ಕೈಬೀಸಿ ಹೋದಳು. ಅವರು ಊದುತ್ತಲೇ ತಲೆ ಅಲ್ಲಾಡಿಸಿದರು.

ಜೈಂಟ್ಸ್_56:
ಓಟದ ವಿಷಯ ಬಂತಲ್ಲ, 1978ರ ಅಕ್ಟೋಬರಿಗೆ ಬರೋಣ. ಓಡಿ ಓಡಿ ಪೇಜ್ ತೂಕ ನೂರು ಕೆಜಿ ಆಸುಪಾಸಿಗೆ ಇಳಿಯಿತು. ಕೋಚ್ ಬಡ್ ಗ್ರಾಂಟ್ ಅವರನ್ನು ಸೀಸನ್ ನಡುವೆಯೇ ತಂಡದಿಂದ ಕೈಬಿಟ್ಟರು. ಗ್ರಾಂಟ್ ಮೇಲೆ ಜನ ಈಗಲೂ ಸಿಟ್ಟಾಗ್ತಾರೆ. ಆದರೆ ಕೋಚ್ ಜಾಗದಲ್ಲಿ ನಿಂತು ನೋಡಿ: ಎದುರಿಗೆ 120 ಕೆಜಿಯವರು ಬರ್ತಿರುವಾಗ ನಿಮ್ಮ ಟ್ಯಾಕಲ್ ಮ್ಯಾರಥಾನ್ ಓಟಗಾರನ ಹಾಗೆ ಸಣ್ಣಗಾಗಿದ್ದರೆ ನೀವೇನು ಮಾಡ್ತೀರಿ?

ನೇರಳೆ_88:
ಏನು ಮಾಡ್ಬೇಕು ಅನ್ನೋದನ್ನ ಶಿಕಾಗೋ ಬೇರ್ಸ್ ತೋರಿಸಿತು. ಕೈಬಿಟ್ಟ ಕೂಡಲೇ ಕರೆದುಕೊಂಡಿತು. ಯಾಕೆ ಗೊತ್ತಾ? ಬೇರ್ಸ್ ಮುಖ್ಯ ಕೋಚ್ ನೀಲ್ ಆರ್ಮ್‌ಸ್ಟ್ರಾಂಗ್ ಮೊದಲು ವೈಕಿಂಗ್ಸ್ ಡಿಫೆನ್ಸ್ ನೋಡಿಕೊಳ್ತಿದ್ದವರು. ಅಲ್ಲಿ ಡಿಫೆನ್ಸ್ ಹೊಣೆ ಹೊತ್ತಿದ್ದ ಬಡ್ಡಿ ರಯನ್ ಕೂಡ ವೈಕಿಂಗ್ಸ್‌ನಿಂದಲೇ ಹೋದವರು. ಪೇಜ್ ಆಟವನ್ನು ದಿನಾ ಹತ್ತಿರದಿಂದ ಕಂಡಿದ್ದ ಇಬ್ಬರು, ತಕ್ಕಡಿ ಏನು ಹೇಳುತ್ತೆ ಅಂತ ಕೇಳಲಿಲ್ಲ.

ಬೇರ್ಸ್ ಪರ 58 ಪಂದ್ಯ, 40 ಸ್ಯಾಕ್. ಅದೂ 33 ವರ್ಷ ತುಂಬಿದ ಮೇಲೆ. ವೈಕಿಂಗ್ಸ್‌ನಲ್ಲಿ ಹಾಕ್ತಿದ್ದ 88ನೇ ಸಂಖ್ಯೆ ಹೋಗಿ ಬೆನ್ನ ಮೇಲೆ 82 ಬಂತು, ಆಟ ಮಾತ್ರ ಅದೇ. ಮುಗಿದುಹೋದ ಆಟಗಾರ ಇಷ್ಟು ಸ್ಯಾಕ್ ಮಾಡ್ತಾನಾ? ತೂಕ ಒಂದೇ ಕಾರಣ ಅಂತ ನನಗೆ ಅನ್ನಿಸಲ್ಲ. ಸಂಘದ ಪರ ಗಟ್ಟಿಯಾಗಿ ಮಾತಾಡೋ, ಯಾಕೆ ಏನು ಅಂತ ಕೇಳೋ ಆಟಗಾರನನ್ನು ಯಾವ ತಂಡವೂ ಅಷ್ಟಾಗಿ ಇಷ್ಟಪಡಲ್ಲ. ಇದು ನನ್ನ ಅಭಿಪ್ರಾಯ.

ಅಂಕಿಅಂಶ_ಸುಮ:
ನೇರಳೆಯವರ ಲೆಕ್ಕಕ್ಕೆ ಒಂದು ಸಂಗತಿ ಸೇರಿಸ್ತೀನಿ. 1978ರಲ್ಲೇ ಲೀಗ್ ನಿಯಮ ಬದಲಾಯಿತು. ಆಫೆನ್ಸ್ ಸಾಲಿನವರು ಅಂಗೈ ಬಿಚ್ಚಿ, ತೋಳು ಚಾಚಿ ತಡೆಯಬಹುದು ಅಂತ ಆಯ್ತು. ಡಿಫೆನ್ಸ್‌ನವರು ಎದುರಾಳಿಯ ತಲೆಗೆ ಹೊಡೆದು ದಾರಿ ಮಾಡಿಕೊಳ್ಳೋದನ್ನ ಅದರ ಹಿಂದಿನ ವರ್ಷವೇ ನಿಷೇಧಿಸಿದ್ದರು. ಅಂದರೆ ಪೇಜ್ ಅವರ ಕೆಲಸ ಕಷ್ಟವಾದ ಕಾಲದಲ್ಲೇ ಆ 40 ಬಂದಿವೆ. ಹೊಸ ನಿಯಮದಿಂದ ತಂಡಗಳು ಹೆಚ್ಚು ಪಾಸ್ ಎಸೆಯೋಕೆ ಶುರು ಮಾಡಿದವು, ಸ್ಯಾಕ್ ಮಾಡೋ ಅವಕಾಶವೂ ಹೆಚ್ಚಿತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಡಿದರೂ ಆ ವಯಸ್ಸಿಗೆ, ಆ ತೂಕಕ್ಕೆ, ಒಳಗಿನ ಜಾಗದಿಂದ ಇದು ಅಸಾಧಾರಣವೇ.

ಜೈಂಟ್ಸ್_56:
ಗ್ರಾಂಟ್ ಅವಸರಪಟ್ಟರು ಅನ್ನೋದನ್ನ ಈ ಅಂಕಿ ನೋಡಿದ ಮೇಲೆ ಒಪ್ಪಲೇಬೇಕು. ಸೂಪರ್ ಬೌಲ್ ವಿಷಯದಲ್ಲಿ ಮಾತ್ರ ನನ್ನ ಮಾತು ನನ್ನದೇ.

ಬಳ್ಳಾರಿ_ಮೇಷ್ಟ್ರು:
ಶಾಲೆ ಮಾತು ಬಂದದ್ದಕ್ಕೆ ಕೇಳ್ತೀನಿ. ಅವರು ಶಿಕ್ಷಣಕ್ಕಾಗಿ ಒಂದು ಪ್ರತಿಷ್ಠಾನ ನಡೆಸ್ತಾರೆ ಅಂತ ಕೇಳಿದ್ದೆ. ಬರೀ ಹಣ ಕೊಡೋದಾ?

ಮಿನಿಯಾಪೊಲಿಸ್_ಚಳಿ:
ಅಲ್ಲ ಸರ್, ಅಲ್ಲೇ ಇರೋದು ಅದರ ಚೆಂದ. ಪೇಜ್ ಎಜುಕೇಷನ್ ಫೌಂಡೇಷನ್ ಶುರುವಾದದ್ದು 1988ರಲ್ಲಿ, ಅವರು ಹಾಲ್ ಆಫ್ ಫೇಮ್ ಸೇರಿದ ವರ್ಷವೇ. ಆ ಸಮಾರಂಭದಲ್ಲಿ ತಮ್ಮನ್ನು ಪರಿಚಯಿಸೋಕೆ ಅವರು ಹಳೇ ಕೋಚ್‌ನನ್ನೋ ಸಹ ಆಟಗಾರನನ್ನೋ ಕರೆಯಲಿಲ್ಲ. ಮಿನಿಯಾಪೊಲಿಸ್‌ನ ಶಾಲೆಯೊಂದರ ಪ್ರಿನ್ಸಿಪಾಲ್ ವಿಲರೀನ್ ಬೀಸ್ಲಿ ಅವರನ್ನು ಕರೆದರು, ಭಾಷಣವನ್ನೂ ಶಿಕ್ಷಣದ ಬಗ್ಗೆಯೇ ಮಾಡಿದರು. ಪ್ರತಿಷ್ಠಾನದಿಂದ ವಿದ್ಯಾರ್ಥಿವೇತನ ಪಡೆದ ಕಾಲೇಜು ಮಕ್ಕಳು ತಮಗಿಂತ ಚಿಕ್ಕ ಶಾಲಾ ಮಕ್ಕಳಿಗೆ ಸಮಯ ಕೊಟ್ಟು ಪಾಠ ಹೇಳಿಕೊಡಲೇಬೇಕು. ಅದು ಷರತ್ತು.

2020ರ ಜನವರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಇಲ್ಲಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷ ನೀಲ್ ಕಶ್ಕರಿ, ಅವರು ಕಾಶ್ಮೀರಿ ಮೂಲದವರು, ಅವರ ಜೊತೆ ಸೇರಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ಆಗಬೇಕು ಅಂದರು. ಗುಣಮಟ್ಟದ ಸಾರ್ವಜನಿಕ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು ಅಂತ ಬರೆಯಬೇಕು ಅನ್ನೋದು ಬೇಡಿಕೆ. ಶಿಕ್ಷಕರ ಸಂಘ ಇದನ್ನು ವಿರೋಧಿಸಿತು. ಸಂಘದಲ್ಲಿದ್ದು ಹೋರಾಡಿದವರನ್ನೇ ಇನ್ನೊಂದು ಸಂಘ ಎದುರಿಸಿತು, ಅದೂ ಶಿಕ್ಷಣದ ವಿಷಯದಲ್ಲಿ.

ಬಳ್ಳಾರಿ_ಮೇಷ್ಟ್ರು:
ಕಲಿತವರು ಕಲಿಸಬೇಕು ಅನ್ನೋ ಆ ಷರತ್ತು ನನಗೆ ತುಂಬಾ ಹಿಡಿಸಿತು. ತಿದ್ದುಪಡಿ ವಿಷಯಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ಆಟ ನಡೀಲಿ.

ಮಂಡ್ಯ_ಕಬಡ್ಡಿ:
ನಾನು ಭಾನುವಾರ ಕೂತು ನೋಡ್ತೀನಿ. ಯಾವ ಪಂದ್ಯದಿಂದ ಶುರು ಮಾಡ್ಲಿ ಅಣ್ಣ?

ನೇರಳೆ_88:
1971ರ ಡಿಸೆಂಬರ್, ಡೆಟ್ರಾಯ್ಟ್ ಲಯನ್ಸ್ ಎದುರಿನ ಪಂದ್ಯದ ತುಣುಕುಗಳಿಂದ. ರೆಫರಿಗಳು ಪೇಜ್ ಮೇಲೆ ಬೆನ್ನುಬೆನ್ನಿಗೆ ದಂಡ ಹಾಕ್ತಾರೆ. ಅವರಿಗೆ ಕೆಂಡದಂಥ ಸಿಟ್ಟು ಬರುತ್ತೆ. ಆದರೆ ಬಾಯಿಜಗಳಕ್ಕೆ ನಿಂತು ಹೊತ್ತು ಕಳೆಯಲ್ಲ, ಹೋಗಿ ತಮ್ಮ ಜಾಗದಲ್ಲಿ ಬಾಗಿ ಕೂರ್ತಾರೆ. ಮುಂದಿನ ಸ್ನ್ಯಾಪ್‌ಗಳಲ್ಲಿ ಲಯನ್ಸ್‌ನವರು ಚೆಂಡನ್ನು ಮುಂದಕ್ಕೆ ಒಯ್ಯೋಕೇ ಆಗಲ್ಲ. ಯಾರ ಕೈಗೆ ಚೆಂಡು ಹೋದರೂ ಅಲ್ಲಿ 88 ಹಾಜರ್.

ನೋಡುವಾಗ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಸ್ನ್ಯಾಪ್ ಆಗೋ ಮುಂಚೆ 88 ಎಲ್ಲಿದ್ದಾರೆ ಅಂತ ಗುರುತಿಟ್ಟು, ಎದುರಿನ ಗಾರ್ಡ್‌ನ ಭುಜವನ್ನೇ ನೋಡ್ತಾ ಇರಿ. ಅದಾದ ಮೇಲೆ ಜೋಂಕಾ 145 ಗಜ ಓಡಿದ ಆ ಸೂಪರ್ ಬೌಲನ್ನೂ ನೋಡಿ, ಜೈಂಟ್ಸ್ ಅವರು ಎತ್ತಿದ ಪ್ರಶ್ನೆಗೆ ಉತ್ತರ ನೀವೇ ಹುಡುಕಬಹುದು. ನೋಡಿ ಆದ ಮೇಲೆ ಇಲ್ಲೇ ಬರೀರಿ. ಪಿಟ್ಸ್‌ಬರ್ಗ್‌ನ ಟ್ಯಾಕಲ್ ಜೋ ಗ್ರೀನ್ ಜೊತೆ ಹೋಲಿಸಿ ನೋಡೋದು ಇನ್ನೂ ಬಾಕಿ ಇದೆ, ಸುಮ ಅವರು ಅಂಕಿ ತೆಗೆದಿಟ್ಟಿರಲಿ.